ಮಾವನ ಕಾರಿಗೆ ನನ್ನ ದನಿ

ಒಂದು ಮಾತನ್ನು ಮೊದಲೇ ಘೋಷಿಸಿಬಿಡುತ್ತೇನೆ. ಈ ಭೂಮಂಡಲದಲ್ಲಿ ನನ್ನ ಬಾಯಿಗೆ ಬಗ್ಗದ ದನಿ ಎಂಬುದಿಲ್ಲ!

ಕುಕ್ಕರಿನ ಸೀಟಿ, ಮೆಟ್ರೊದಲ್ಲಿ ಬಾಗಿಲು ಮುಚ್ಚುವ ಮುನ್ನ ಎಚ್ಚರಿಸುವ ಹೆಂಗಸು, ಬೆಳಬೆಳಗ್ಗೆ ನಮ್ಮ ಮಣಿಕೊಂಡದ ಅಪಾರ್ಟ್‌ಮೆಂಟಿಗೆ ಹಿಮ್ಮುಖವಾಗಿ ನುಗ್ಗುವ ನೀರಿನ ಟ್ಯಾಂಕರ್, ಯಾವುದು ಬೇಕೋ ಹೇಳಿ. ಒಮ್ಮೆ ಬಾಲ್ಕನಿಯಲ್ಲಿ ನಿಂತು ಟ್ಯಾಂಕರಿನ ದನಿ ತೆಗೆದಾಗ ವಾಚ್‌ಮನ್ ಓಡಿಬಂದು ಗೇಟು ತೆರೆದು, ಟ್ಯಾಂಕರ್ ಕಾಣದೆ ಆಕಾಶ ನೋಡಿದ್ದ. ಸಿಟ್ಟಿಗೆದ್ದ ಗ್ರಾಹಕರನ್ನು ಫೋನಿನಲ್ಲಿ ತಣ್ಣಗೆ ಮಾಡುವುದು ನನ್ನ ಹೊಟ್ಟೆಪಾಡು. ಫೋನಿಟ್ಟ ಮೇಲೆ ಅವರ ಹಾಗೆಯೇ ಸಿಟ್ಟಾಗಿ ತೋರಿಸುವುದು ನನ್ನ ಕಲೆ.

ಆದರೆ ನನ್ನ ಮೇರುಕೃತಿ ನನ್ನ ಮಾವ. ಬೀದರಿನ ನಿವೃತ್ತ ಗಣಿತದ ಮೇಷ್ಟ್ರು. ಅವರು ಮಾತಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ. ಗಂಟಲು ಸರಿಯಾದ ಮೇಲೆ ಮಾತಾಡುವುದಿಲ್ಲ! ಆ ಮೌನವನ್ನೂ ನಾನು ಅನುಕರಿಸಬಲ್ಲೆ. ಅವರ ಬೆನ್ನ ಹಿಂದೆ ಮಾತ್ರ.

ಹೆಂಡತಿ ಅಂಬಿಕಾ ಇದನ್ನೆಲ್ಲ ನೋಡಿ ನಗುತ್ತಾಳೆ, ಆಮೇಲೆ ಬೈಯುತ್ತಾಳೆ.

"ಊರ ಮಂದಿ ದನಿ ಎಲ್ಲಾ ಬರ್ತಾವ ನಿಮಗ. ನಿಮ್ಮ ದನಿ ಒಂದು ಯಾವಾಗ ಬರ್ತೈತಿ?"

ಇಂಥ ತಾತ್ವಿಕ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ.

ಮದುವೆಯಾದ ಮೇಲೆ ಮಾವ ತಮ್ಮ ಹಳೆಯ ಡೀಸೆಲ್ ಕಾರನ್ನು ನಮಗೆ ಕೊಟ್ಟರು. ಟರ್ಬೊ ಇರುವ ಕಾರು. ಟರ್ಬೊ ಎಂದರೆ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಒಂದು ಫ್ಯಾನು. ಅದು ಸರಿಯಾಗಿ ತಿರುಗಿದರೆ ಎಂಥ ವಯಸ್ಸಾದ ಡೀಸೆಲ್ ಕಾರೂ ಬೆನ್ನಿಗೆ ಯಾರೋ ಗುದ್ದಿದ ಹಾಗೆ ಮುಂದಕ್ಕೆ ಜಿಗಿಯುತ್ತದೆ. ಮಾವ ಕೀಲಿಕೈ ಕೊಡುವಾಗ ಗಂಟಲು ಸರಿಮಾಡಿಕೊಂಡು, ಆ ದಿನ ಅಪರೂಪಕ್ಕೆ ಮಾತನ್ನೂ ಆಡಿದರು.

"ಮಗಳನ್ನ ಕೊಟ್ಟಾಗ ನಾನು ಏನೂ ಹೇಳಿಲ್ಲ. ಈ ಗಾಡಿ ಮಾತ್ರ ಛಲೋ ನೋಡ್ಕೋರಿ."

ಆಮೇಲೆ ಯುಗಾದಿಗೆ ಬೀದರಿಗೆ ಹೋದಾಗ ಅತ್ತೆ ತಮ್ಮ ಪಾಲಿನ ಕಾಣಿಕೆ ಕೊಟ್ಟರು. ಹಳೆ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ ಕೈಯಲ್ಲೇ ಹೊಲಿದ ಪುಟ್ಟ ಕೌದಿ.

"ಗಾಡಿ ಸೀಟಿನ ಮ್ಯಾಲ ಹಾಸ್ಕೊಂಡು ಕೂಡ್ರಿ ಅಳಿಯಂದ್ರ. ನಡಾ ಹಿಡಿಯಂಗಿಲ್ಲ."

ಕೌದಿಯಲ್ಲಿ ಗಿಳಿ ಹಸಿರಿತ್ತು, ಕುಂಕುಮ ಕೆಂಪಿತ್ತು, ನಡುನಡುವೆ ಗುಲಾಬಿ ಇತ್ತು. ನನ್ನ ಸೀಟಿನ ಕವರುಗಳೋ ಗಂಭೀರ ಕಪ್ಪು. ಆಫೀಸಿನ ಗೆಳೆಯರು ದಿನಾ ಲಿಫ್ಟ್ ಕೇಳುವವರು, ನೋಡಿದರೆ ಏನೆಂದಾರು? ಹಾಗೆಂದು ಹಿರಿಯರ ಕಾಣಿಕೆಯನ್ನು ಮೂಲೆಗೆ ಎಸೆಯುವ ಪೈಕಿ ನಾನಲ್ಲ. ಕಾರಿನೊಳಗೇ, ಯಾರ ಕಣ್ಣಿಗೂ ಬೀಳದ ಪ್ರಶಸ್ತ ಸ್ಥಳವೊಂದರಲ್ಲಿ ಅದನ್ನು ಪ್ರತಿಷ್ಠಾಪಿಸಿದೆ.

"ಅವ್ವ ಕೊಟ್ಟ ಕೌದಿ ಎಲ್ಲೈತಿ?" ಎಂದು ಅಂಬಿಕಾ ಕೇಳಿದಳು.

"ಕಾರಿನಾಗ ಐತಿ."

ಸತ್ಯವನ್ನೇ ನುಡಿದಿದ್ದೆ.

ಅದಾಗಿ ಸ್ವಲ್ಪ ದಿನಕ್ಕೇ ಕಾರು ಸೋತಿತು. ಸಪಾಟು ರಸ್ತೆಯಲ್ಲಿ ಪರವಾಗಿಲ್ಲ. ಫ್ಲೈಓವರ್ ಎದುರಾದರೆ ಸಾಕು, ಮಂಡಿನೋವಿನವರು ಮಹಡಿ ಹತ್ತಿದಂತೆ! ಎಕ್ಸಲರೇಟರನ್ನು ಎಷ್ಟು ಒತ್ತಿದರೂ ಅದೇ ಆಮೆಯ ನಡಿಗೆ. ಒಂದು ಸಂಜೆ ಏರಿನಲ್ಲಿ ಒಂದು ಗೂಡ್ಸ್ ಆಟೊ ನಮ್ಮನ್ನು ಹಿಂದೆ ಹಾಕಿತು. ಆಟೊದಲ್ಲಿ ಹಗ್ಗ ಬಿಗಿದ ಫ್ರಿಜ್ಜೊಂದು ನಿಂತಿತ್ತು.

"ರೀ, ಫ್ರಿಜ್ಜು ಮುಂದ ಹೋತು," ಎಂದಳು ಅಂಬಿಕಾ.

"ನೋಡಿದೆ."

"ಕಾಲು ಒತ್ರಿ."

"ನೆಲಕ್ಕ ತಾಗೂ ಹಂಗ ಒತ್ತೇನಿ! ಇನ್ನೆಲ್ಲಿ ಒತ್ತಲಿ, ರಸ್ತೆಗೆ ಇಳಿದೇನು?"

ಎದುರು ಮನೆಯ ಸುಬ್ಬಾರಾವ್ ಗಾರು ನಿವೃತ್ತರಾದಾಗಿನಿಂದ ನಮ್ಮ ಪಾರ್ಕಿಂಗಿನ ಮೇಲೆ ನಿಗಾ ಇಟ್ಟವರು. ನಾನು ಬಾನೆಟ್ ಎತ್ತಿ ಅದರೊಳಗೆ ಏನಿದೆಯೆಂದು ತಿಳಿಯದೆ ಗಂಭೀರವಾಗಿ ತಲೆ ಆಡಿಸುತ್ತಿದ್ದಾಗ ಬಂದು ನಿಂತರು.

"ಏಂ ಬಾಬೂ, ಪೆದ್ದವಯಸು ಕಾರು ಕದಾ, ರೆಸ್ಟು ಇವ್ವು," ಎಂದರು. ವಯಸ್ಸಾದ ಕಾರು, ವಿಶ್ರಾಂತಿ ಕೊಡು ಎಂದು ಅರ್ಥ. ಅವರು ಆಚೆ ತಿರುಗಿದ್ದೇ ತಡ, ಅವರ ದನಿಯಲ್ಲೇ ಕಾರಿಗೆ ಆ ಮಾತನ್ನು ದಾಟಿಸಿದೆ. ಅವರು ಆಚೆ ಪೂರ್ತಿ ತಿರುಗಿರಲಿಲ್ಲ. ಅದು ಬೇರೆ ವಿಷಯ.

ಇಷ್ಟರಲ್ಲಿ ಮಾವನ ಫೋನು ಬಂತು. ಗಂಟಲು ಸರಿಯಾಯಿತು. ನಾನು ಎದ್ದು ನಿಂತೆ. ಅತ್ತೆ ಮಾವ ಮೊದಲ ಬಾರಿ ವಿಮಾನ ಹತ್ತಿ ಕಾಶಿಗೆ ಹೊರಟಿದ್ದರು. ಭಾನುವಾರ ಬೆಳಗ್ಗೆ ರೈಲಿನಲ್ಲಿ ಲಿಂಗಂಪಲ್ಲಿಗೆ ಬಂದು ಇಳಿಯುವುದು, ನಮ್ಮ ಮನೆಯಲ್ಲಿ ತಿಂಡಿ, ಅಲ್ಲಿಂದ ಶಂಶಾಬಾದಿನ ವಿಮಾನ ನಿಲ್ದಾಣ.

"ನಮ್ಮ ಗಾಡ್ಯಾಗೇ ಬಿಡ್ರಿ. ಕುಂತು ನೋಡ್ತೀನಿ. ಛಲೋ ಇಟ್ಟಿದ್ರ ನಿಮ್ಮದೇ. ಕೆಡಸಿದ್ರ, ಕಾಶಿಯಿಂದ ಬಂದ ಮ್ಯಾಲ ಬೀದರಿಗೆ ಒಯ್ತೀನಿ. ನಮ್ಮ ತಮ್ಮನ ಮಗ ಭಾಳ ದಿನದಿಂದ ಕೇಳಾಕತ್ತಾನ."

ಫೋನು ಇಟ್ಟರು. ನನ್ನ ನಿದ್ದೆಯೂ ಅದರ ಜೊತೆ ಹೋಯಿತು. ಮಾವನ ತಮ್ಮನ ಮಗ! ನನ್ನ ಮದುವೆಯಲ್ಲಿ ನನ್ನ ಬೂಟು ಕದ್ದವನು! ಅವನು ಆ ಕಾರಿನಲ್ಲಿ ಬೀದರಿನ ಕೋಟೆ ಸುತ್ತುವುದು, ನಾನು ಅಂಬಿಕಾಳನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಟ್ಯಾಂಕರುಗಳ ನಡುವೆ ನುಸುಳುವುದು. ಕುಳಿತಲ್ಲಿ ಕೂರಲಾಗಲಿಲ್ಲ. ಟಿ.ವಿ. ಹಾಕಿದೆ, ಆರಿಸಿದೆ. ಕೆಳಗಿಳಿದು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ ಬಂದೆ. ಮತ್ತೆ ಇಳಿದೆ.

"ಗಾಡಿ ಅಲ್ಲೇ ಐತೇನು?" ಅಂಬಿಕಾ ಕೇಳಿದಳು.

"ಹೂಂ."

"ಓಡಿ ಹೋಗಂಗಿಲ್ಲ ಬಿಡ್ರಿ. ಅದಕ್ಕ ಪಿಕಪ್ ಇಲ್ಲ."

ಕೊನೆಗೆ ಮೆಕ್ಯಾನಿಕ್ ಖದೀರ್ ಭಾಯ್‌ಗೆ ಫೋನು ಮಾಡಿದೆ. ಪಿಕಪ್ ಹೋಗಿದೆ ಎಂದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಆವಾಜ್ ಕೈಸಾ ಆತಾ ಮಿಯಾ?"

ದನಿ ಹೇಗೆ ಬರುತ್ತದೆ! ನನ್ನನ್ನು! ಇಷ್ಟು ವರ್ಷದ ಸಾಧನೆಗೆ ಕೊನೆಗೂ ಒಬ್ಬ ಯೋಗ್ಯ ಪ್ರಾಶ್ನಿಕ ಸಿಕ್ಕಿದ್ದ. ಎದ್ದು ನಿಂತೆ, ನೀರು ಕುಡಿದೆ, ಕಾರು ಸ್ಟಾರ್ಟ್ ಆಗುವಲ್ಲಿಂದ ಶುರು ಮಾಡಿದೆ. ಗೇರು ಬದಲಾಯಿತು, ಫ್ಲೈಓವರ್ ಬಂತು, ಇಂಜಿನ್ ಏದುಸಿರು ಬಿಟ್ಟಿತು.

"ಏಕ್ ಮಿನಿಟ್ ಮಿಯಾ, ಸ್ಪೀಕರ್ ಪೇ ಡಾಲ್ತುಂ."

ಗ್ಯಾರೇಜಿಗೆ ಗ್ಯಾರೇಜೇ ಫೋನಿನ ಸುತ್ತ ಸೇರಿತು. ಇನ್ನೊಮ್ಮೆ ಮಾಡಿದೆ. "ವಾಹ್!" ಎಂದು ಯಾರೋ ಕೂಗಿದರು. ಖದೀರ್ ಭಾಯ್ ಕೇಳಿದರು, "ಸೀಟೀ ಬೀ ಮಾರ್ತಾ ಕ್ಯಾ?"

ಕಾರು ಸೀಟಿ ಹೊಡೆಯುತ್ತಿರಲಿಲ್ಲ. ಸತ್ಯವಾಗಿ ಹೊಡೆಯುತ್ತಿರಲಿಲ್ಲ. ಆದರೆ ಅಭಿಮಾನಿಗಳು ಬಾಯಿಬಿಟ್ಟು ಕೇಳಿದಾಗ ಇಲ್ಲವೆನ್ನಲು ಕಲಾವಿದನ ನಾಲಿಗೆ ಏಳುತ್ತದೆಯೇ? ಹಲ್ಲುಗಳ ನಡುವೆ ಗಾಳಿ ಬಿಟ್ಟು, ದೂರದಿಂದ ಹತ್ತಿರ ಬರುವ ಒಂದು ಸೀಟಿ ಹಾಕಿದೆ. ಸುಂಯ್ಯ್ಯ್! ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಖದೀರ್ ಭಾಯ್ ವೈದ್ಯರ ದನಿಯಲ್ಲಿ ತೀರ್ಪು ಕೊಟ್ಟರು.

"ಟರ್ಬೊ ಗಯಾ ಮಿಯಾ."

ಕಾರು ಗ್ಯಾರೇಜು ಸೇರಿತು. ಟರ್ಬೊ ಬಿಚ್ಚಿದರು, ತೊಳೆದರು, ತಿರುಗಿಸಿ ನೋಡಿದರು. ಅದು ಗಟ್ಟಿಮುಟ್ಟಾಗಿಯೇ ಇತ್ತು. ಆದರೂ ಬಿಚ್ಚಿದ ಗೌರವಕ್ಕೆ ರಬ್ಬರ್ ಪೈಪು ಬದಲಿಸಿ ಕೂರಿಸಿದರು. ಓಡಿಸಿದರೆ ಏನು ಹೇಳಲಿ! ಕಾರು ಹಗ್ಗ ಬಿಚ್ಚಿದ ಹೋರಿಯಂತೆ ನುಗ್ಗಿತು. ಫ್ಲೈಓವರಿನಲ್ಲಿ ಒಂದು ಬಸ್ಸನ್ನು ಹಿಂದೆ ಹಾಕಿ, ಬೇಕೆಂದೇ ನಿಧಾನ ಮಾಡಿ, ಅದನ್ನೇ ಮತ್ತೆ ಹಿಂದೆ ಹಾಕಿದೆ.

ಗ್ಯಾರೇಜಿನವರು ಸಭ್ಯರು. ಎಣ್ಣೆಗಾಲು ತಾಗದಿರಲೆಂದು ಕಾರಿನೊಳಗೆ ಹಾಸಿದ್ದನ್ನೆಲ್ಲ ಸುರುಳಿ ಸುತ್ತಿ ಡಿಕ್ಕಿಗೆ ಹಾಕಿ, ಕಾಲ ಕೆಳಗೆ ಹಳೇ ಪತ್ರಿಕೆ ಹಾಸಿದ್ದರು. ಮನೆಗೆ ಬಂದು ಪತ್ರಿಕೆ ಬಿಸಾಡಿ, ಎಲ್ಲವನ್ನೂ ಅದರದರ ಜಾಗಕ್ಕೆ ಸೇರಿಸಿದೆ. ಅಚ್ಚುಕಟ್ಟು ಎಂದರೆ ನಾನು.

ಮರುದಿನ ಆಫೀಸಿಗೆ ಹೊರಟರೆ ಕಾರು ಮತ್ತೆ ಮಂಡಿ ಹಿಡಿದುಕೊಂಡಿತು!

ಮತ್ತೆ ಫೋನು. ಈ ಸಲ ನಿದ್ದೆಗೆಟ್ಟು ನನ್ನ ಗಂಟಲೂ ಕೆಟ್ಟಿತ್ತು. ಇಂಜಿನ್ನಿನ ನಡುವೆ ನನ್ನದೇ ಒಂದೆರಡು ಕೆಮ್ಮು ಸೇರಿಕೊಂಡವು.

"ಖಾಂಸೀ!" ಎಂದು ಖದೀರ್ ಭಾಯ್ ಹಿಡಿದೇ ಬಿಟ್ಟರು. ಕಾರಿಗೆ ಕೆಮ್ಮು ಇದೆ, ಅಂದರೆ ಹೊಗೆ ತಿರುಗಿ ಬರುವ ದಾರಿಯಲ್ಲಿ ಮಸಿ ಕಟ್ಟಿದೆ. ಮತ್ತೆ ಗ್ಯಾರೇಜು. ಮಸಿ ಇತ್ತು, ತೆಗೆದರು. ಕಾರು ಹಾರಿತು. ಮನೆಗೆ ತಂದೆ. ಎಲ್ಲ ಅದರದರ ಜಾಗಕ್ಕೆ. ಮರುದಿನ ಮತ್ತೆ ಅದೇ ಮಂಡಿ!

ಮೂರನೆಯ ಸಲ ಫೋನು ಮಾಡಿ ಬಾಯಿ ತೆರೆಯುವಷ್ಟರಲ್ಲಿ ಖದೀರ್ ಭಾಯ್ ಕೂಗಿಕೊಂಡರು, "ನಕ್ಕೋ ಮಿಯಾ! ಆವಾಜ್ ನಕ್ಕೋ! ಗಾಡೀ ಲಾವ್!"

ದನಿ ಬೇಡ, ಗಾಡಿ ತಾ ಎಂದು ಅರ್ಥ. ಕಾರನ್ನೇ ಒಯ್ದೆ. ಪದ್ಧತಿಯಂತೆ ಹಾಸಿದ್ದನ್ನೆಲ್ಲ ಡಿಕ್ಕಿಗೆ ಹಾಕಿಸಿ, ಅವರೇ ಕೂತು ಓಡಿಸಿದರು. ಹೋದರು, ಸುಯ್ಯೆಂದು ಬಂದರು. ಇಳಿದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಗಾಡೀ ಅಚ್ಛೀ ಹೈ ಮಿಯಾ. ಆಪ್ ಕೇ ಘರ್ ಮೇ ಕುಛ್ ಗಡ್‌ಬಡ್ ಹೈ."

ನಮ್ಮ ಮನೆಯಲ್ಲೇ ಏನೋ ತೊಂದರೆಯಿದೆಯಂತೆ! ಈ ರೋಗನಿರ್ಣಯ ಸುಬ್ಬಾರಾವ್ ಗಾರುಗೆ ಬಹಳ ಹಿಡಿಸಿತು. "ದಿಷ್ಟಿ ತಗಿಲಿಂದಿ ಬಾಬೂ," ಎಂದು ತಾವೇ ಮುಂದೆ ನಿಂತು ಕಾರಿಗೆ ಕುಂಬಳಕಾಯಿ ಒಡೆಸಿದರು. ಅದರ ತಿರುಳಿನ ಮೇಲೆ ಕಾಲಿಟ್ಟು ಜಾರಿದ್ದೂ ನಾನೇ.

ಶನಿವಾರ ಬಂತು. ದಿಕ್ಕು ತೋಚದೆ ಕಾರಿನ ಭಾರ ಇಳಿಸಲು ನಿಂತೆ. ಸ್ಟೆಪ್ನಿ ಇಳಿಯಿತು, ಜಾಕ್ ಇಳಿಯಿತು, ನೀರಿನ ಬಾಟಲಿ, ಛತ್ರಿ, ಡ್ಯಾಶ್‌ಬೋರ್ಡಿನ ಮೇಲಿನ ತಲೆಯಾಡಿಸುವ ನಾಯಿ ಎಲ್ಲ ಇಳಿದವು. ಅತ್ತೆಯ ಕೌದಿಯೊಂದನ್ನು ಮಾತ್ರ ಮುಟ್ಟಲಿಲ್ಲ. ಹಿರಿಯರ ಮೇಲೆ ನನಗೆ ಗೌರವವಿದೆ ನೋಡಿ!

"ನಾನೂ ಇಳೀಲೇನು?" ಅಂಬಿಕಾ ಕೇಳಿದಳು. "ಅಪ್ಪಗ ಖರೆ ಹೇಳಿಬಿಡ್ರಿ. ಗಾಡಿ ಹೋದ್ರ ಹೋತು."

"ಹೋಗಾಕ ಬಿಡಂಗಿಲ್ಲ. ನನ್ನ ಹತ್ರ ಒಂದು ಉಪಾಯ ಐತಿ."

"ಏನದು?"

ನಾನು ತೋರಿಸಿದೆ. ಬಾಯಿಂದಲೇ. ಹೊಚ್ಚ ಹೊಸ ಟರ್ಬೊ ಇಂಜಿನ್ನಿನ ಗರ್ಜನೆ. ಮಾವನಿಗೆ ವಯಸ್ಸಾಗಿದೆ, ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬುತ್ತಾರೆ. ಕಾರು ತನ್ನ ಪಾಡಿಗೆ ಕುಂಟುತ್ತಿರಲಿ, ಓಟದ ದನಿಯನ್ನು ನಾನು ಕೊಡುತ್ತೇನೆ!

ಅಂಬಿಕಾ ಮೆಟ್ಟಿಲು ಹತ್ತಿ ಅಡುಗೆಮನೆಗೆ ಹೋದಳು.

ಭಾನುವಾರ ಲಿಂಗಂಪಲ್ಲಿಯಿಂದ ಮನೆಯವರೆಗೆ ಟ್ರಾಫಿಕ್ಕು ನನ್ನ ಮಾನ ಕಾಯಿತು. ಎಲ್ಲರೂ ತೆವಳುತ್ತಿರುವಾಗ ಯಾರ ಪಿಕಪ್ ಯಾರು ಕೇಳುತ್ತಾರೆ? ತಿಂಡಿ ಮುಗಿಸಿ ಶಂಶಾಬಾದಿಗೆ ಹೊರಟೆವು. ಮಾವ ಮುಂದೆ, ನನ್ನ ಪಕ್ಕ. ಅತ್ತೆ ಮತ್ತು ಅಂಬಿಕಾ ಹಿಂದೆ. ಅತ್ತೆ ಕೂರುವ ಮೊದಲು ನನ್ನ ಸೀಟನ್ನೊಮ್ಮೆ ನೋಡಿದರು.

"ಕೌದಿ ಹಾಸಿಲ್ಲೇನ್ರಿ ಅಳಿಯಂದ್ರ?"

"ಒಗ್ಯಾಕ..." ಎಂದೆ.

"ಕಾರಿನಾಗ ಐತಿ ಅಂದಿದ್ರಿ?" ಎಂದಳು ಅಂಬಿಕಾ.

ಅಷ್ಟರಲ್ಲಿ ಫ್ಲೈಓವರ್ ಬಂತು. ಜೀವನದಲ್ಲಿ ಮೊದಲ ಬಾರಿ ಅದನ್ನು ನೋಡಿ ಸಂತೋಷಪಟ್ಟೆ.

ಏರು ಶುರುವಾಯಿತು. ಕಾರು ಸೊರಗಿತು. ನಾನು ತುಟಿ ಅಲ್ಲಾಡದಂತೆ ಶುರು ಮಾಡಿದೆ. ಘ್ರೂಂಂಂ... ಸುಂಯ್ಯ್ಯ್! ಅದ್ಭುತವಾಗಿ ಬಂತು. ನನ್ನ ಮೈಮೇಲೇ ರೋಮಾಂಚನ. ಪಕ್ಕದಲ್ಲಿ ಒಂದು ಮೊಪೆಡ್ಡು, ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು, ನಮ್ಮನ್ನು ದಾಟಿ ಹೋಯಿತು.

ಮಾವ ಗಂಟಲು ಸರಿಮಾಡಿಕೊಂಡರು.

"ಡೀಸೆಲ್ ಎಲ್ಲಿ ಹಾಕಿಸ್ತೀರಿ?"

"ಮಣಿಕೊಂಡದಾಗ್ರಿ." ಉತ್ತರ ಕೊಟ್ಟು ಮತ್ತೆ ಘ್ರೂಂಂಂ...

"ಆಯಿಲ್ ಬದಲ್ ಮಾಡೀರೇನು?"

"ಮಾಡೇನ್ರಿ." ಸುಂಯ್ಯ್...

ಮಾವ ಸುಮ್ಮನಾದರು. ನನ್ನ ಇಂಜಿನ್ ಮೆರೆಯಿತು. ಮತ್ತೆ ಕೇಳಿದರು, "ಟಾಯರ್‌ನಾಗ ಗಾಳಿ?"

"ಐತ್ರಿ."

"ಬ್ಯಾಟ್ರಿ?"

"ಹೊಸಾದ್ರಿ."

"ಮನ್ಯಾಗ ಎಲ್ಲಾ ಆರಾಮ?"

"ಆರಾಮ್ರಿ."

ಆಗ ಹೊಳೆಯಿತು. ಅವರು ಪ್ರಶ್ನೆ ಕೇಳುತ್ತಿರಲಿಲ್ಲ. ಲೆಕ್ಕ ಬಿಡಿಸುತ್ತಿದ್ದರು! ನಾನು ಮಾತಾಡಿದಾಗಲೆಲ್ಲ ಇಂಜಿನ್ ಬಂದ್. ನಾನು ಬಾಯಿ ಮುಚ್ಚಿದಾಗಲೆಲ್ಲ ಇಂಜಿನ್ ಚಾಲೂ. ಹಿಂದಿನ ಸೀಟಿನಲ್ಲಿ ಅಂಬಿಕಾ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದು ಕನ್ನಡಿಯಲ್ಲಿ ಕಂಡಿತು.

"ಅಳಿಯಂದ್ರ, ದನಿ ಭಾಳ ಮುಂದ ಹೋಗೈತಿ. ಗಾಡಿ ಇನ್ನೂ ಇಲ್ಲೇ ಐತಿ. ಬಾಜೂಕ ಹಾಕ್ರಿ."

"ಮಾವಾರ, ವಿಮಾನಕ್ಕ ತಡ..."

"ಅದಕ್ಕ ಹೇಳಾಕತ್ತೀನಿ. ಹಾಕ್ರಿ."

ಔಟರ್ ರಿಂಗ್ ರೋಡಿಗೆ ಹತ್ತುವ ಮೊದಲಿನ ಅಗಲ ಜಾಗದಲ್ಲಿ ನಿಲ್ಲಿಸಿದೆ. ಮಾವ ಇಳಿದು ಸುತ್ತಿ ಬಂದು ನನ್ನ ಬಾಗಿಲು ತೆರೆದರು. ಅವರು ಕಾರು ಓಡಿಸುವಾಗ ಚಪ್ಪಲಿ ಹಾಕುವುದಿಲ್ಲ. ಗಾಡಿ ಎಂದರೆ ಲಕ್ಷ್ಮಿ. ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಕೂತು, ಎಕ್ಸಲರೇಟರಿನ ಮೇಲೆ ಪಾದ ಇಟ್ಟರು. ಹುಬ್ಬು ಮೇಲೇರಿತು.

"ಕಾಲಾಗ ಏನಿದು ಮೆತ್ತಗ?"

ಅಯ್ಯೋ! ಪ್ರಶಸ್ತ ಸ್ಥಳ!

ಮಾವ ಬಗ್ಗಿ ಮ್ಯಾಟ್ ಎತ್ತಿದರು. ಅದರಡಿಯಿಂದ ನಾಲ್ಕು ಮಡಿಕೆ ಮಾಡಿದ ಕೌದಿ ಹೊರಬಂತು. ಗಿಳಿ ಹಸಿರು, ಕುಂಕುಮ ಕೆಂಪು, ನಡುನಡುವೆ ಗುಲಾಬಿ. ಎಕ್ಸಲರೇಟರಿನ ಗುರುತು ಅಚ್ಚೊತ್ತಿದಂತೆ ನಡುಮಧ್ಯ. ಗ್ಯಾರೇಜಿನವರು ಅದನ್ನು ತೆಗೆದಾಗಲೆಲ್ಲ ಕಾರು ಹಾರಿತ್ತು. ನಾನು ಅಚ್ಚುಕಟ್ಟಾಗಿ ಅದರ ಜಾಗಕ್ಕೆ ಸೇರಿಸಿದಾಗಲೆಲ್ಲ ಕಾರು ಕುಂಟಿತ್ತು. ಕೌದಿಗೆ ಸೀಟಿ ಇರಲಿಲ್ಲ, ಕೆಮ್ಮು ಇರಲಿಲ್ಲ. ಒಂದಿಷ್ಟೂ ಸದ್ದು ಮಾಡದೆ ಅದು ಪೆಡಲಿನ ದಾರಿಗೆ ಅಡ್ಡ ಕೂತಿತ್ತು. ಪಾಪ, ಅದರ ದನಿಯನ್ನು ನಾನು ಖದೀರ್ ಭಾಯ್‌ಗೆ ಹೇಗೆ ಕೇಳಿಸಲಿ!

"ಪೂರಾ ಒತ್ತಿದ್ರ ಪೂರಾ ಓಡ್ತೈತಿ," ಎಂದರು ಮಾವ. "ಅರ್ಧಕ್ಕ ಕೌದಿ ತಡದ್ರ ಅರ್ಧ ಓಡ್ತೈತಿ. ಗ್ಯಾರೇಜಿಗೆ ಒಯ್ದಿದ್ರೇನು?"

ಅಂಬಿಕಾ ಉತ್ತರಿಸಿದಳು. ಎಲ್ಲವನ್ನೂ. ಕುಂಬಳಕಾಯಿ ಸಹಿತ.

ಅತ್ತೆ ಮಾತ್ರ ಸುಮ್ಮನೆ ಕೈ ಚಾಚಿ ಕೌದಿ ತೆಗೆದುಕೊಂಡರು. ತೊಡೆಯ ಮೇಲೆ ಬಿಡಿಸಿ, ಮಣ್ಣು ಕೊಡವಿ, ಹಸಿರು ತುಂಡಿನ ಮೇಲೆ ಬೆರಳಾಡಿಸಿದರು.

"ಇದು ನನ್ನ ಕುಬಸದ ಸೀರಿ. ಅಂಬಿಕಾ ಹೊಟ್ಯಾಗಿದ್ದಾಗ ಉಟ್ಟಿದ್ದು." ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದರು, "ಕಾಲಿಗೆ ಮೆತ್ತಗ ಇತ್ತೇನ್ರಿ ಅಳಿಯಂದ್ರ?"

ಬೈದಿದ್ದರೆ ಬೈದಂತೆ ಮಾಡಿ ತೋರಿಸಬಹುದಿತ್ತು. ಆ ದನಿಯನ್ನು ಇವತ್ತಿಗೂ ನನ್ನಿಂದ ಮಾಡಲಾಗಿಲ್ಲ.

ಮಾವ ಓಡಿಸಿದರು. ಕಾರು ಔಟರ್ ರಿಂಗ್ ರೋಡಿನ ಮೇಲೆ ಹತ್ತುತ್ತಿದ್ದಂತೆ ಟರ್ಬೊ ತನ್ನ ಸ್ವಂತ ದನಿಯಲ್ಲಿ ಎದ್ದಿತು. ನಿಜ ಹೇಳಬೇಕೆಂದರೆ, ಅದು ನಾನು ಮಾಡುತ್ತಿದ್ದ ಹಾಗೆ ಇರಲೇ ಇಲ್ಲ! ಲಾರಿಗಳು, ಬಸ್ಸುಗಳು, ಬಂಡೆಗಳು ಹಿಂದೆ ಹಿಂದೆ ಓಡಿದವು. ಅಂಬಿಕಾ ಮುಂದಿನ ಸೀಟಿಗೆ ಬಡ್ತಿ ಹೊಂದಿದ್ದಳು. ನಾನು ಹಿಂದೆ, ಅತ್ತೆಯ ಪಕ್ಕದಲ್ಲಿ, ಕೌದಿಯ ಒಂದು ತುದಿ ಹಿಡಿದು ಮಡಿಸಲು ನೆರವಾಗುತ್ತಾ ಕುಳಿತಿದ್ದೆ. ವಿಮಾನ ನಿಲ್ದಾಣ ಬರುವವರೆಗೂ ಮಡಿಸುತ್ತಲೇ ಇದ್ದೆ. ಅತ್ತೆ ಸರಿಯಾಗಿಲ್ಲ ಎಂದು ಮತ್ತೆ ಮತ್ತೆ ಬಿಚ್ಚುತ್ತಿದ್ದರು.

ನಿಲ್ದಾಣದಲ್ಲಿ ತೀರ್ಪಿನ ಗಳಿಗೆ. ಮಾವ ಗಂಟಲು ಸರಿಮಾಡಿಕೊಂಡರು. ನಾನು ತಲೆ ತಗ್ಗಿಸಿದೆ. ಮಾವನ ತಮ್ಮನ ಮಗ ಬೀದರಿನ ಕೋಟೆ ಸುತ್ತ ಹಾರ್ನ್ ಬಾರಿಸುತ್ತಿರುವುದು ಕಿವಿಯಲ್ಲಿ ಕೇಳುತ್ತಿತ್ತು.

"ಟರ್ಬೊ ತೊಳದೀರಿ, ಮಸಿ ತಗಸೀರಿ, ಪೈಪು ಹೊಸಾದು. ನಾನೂ ಇಷ್ಟು ಮಾಡಿದ್ದಿಲ್ಲ. ಗಾಡಿ ಇಲ್ಲೇ ಇರ್ಲಿ."

ಕೈ ಚಾಚಿದೆ. ಕೀಲಿಕೈ ನನ್ನ ಅಂಗೈ ಮೇಲಿಂದ ಹಾದು ಅಂಬಿಕಾಳ ಅಂಗೈಗೆ ಇಳಿಯಿತು.

ಅತ್ತೆ ಕೌದಿಯನ್ನು ತಮ್ಮ ಚೀಲಕ್ಕೆ ತುರುಕಿಕೊಂಡರು. "ವಿಮಾನದ ಸೀಟಿನ ಮ್ಯಾಲ ಹಾಸ್ತೀನಿ," ಎಂದರು. "ಅಲ್ಲಿ ಯಾರೂ ತುಳಿಯಂಗಿಲ್ಲ."

ಇಬ್ಬರೂ ಬಾಗಿಲವರೆಗೆ ಹೋದರು. ಅಲ್ಲಿ ಮಾವ ನಿಂತು ಹಿಂತಿರುಗಿದರು. ತುಟಿ ಅಲ್ಲಾಡಲಿಲ್ಲ.

"ಘ್ರೂಂಂಂ... ಮಣಿಕೊಂಡದಾಗ್ರಿ... ಸುಂಯ್ಯ್... ಹೊಸಾದ್ರಿ... ಘ್ರೂಂಂಂ... ಆರಾಮ್ರಿ!"

ಅತ್ತೆ ಚೀಲ ಕೆಳಗಿಟ್ಟು ನಕ್ಕರು. ಗುರುತಿನ ಚೀಟಿ ನೋಡುತ್ತಿದ್ದ ಪೊಲೀಸಪ್ಪ, ಒಂದಕ್ಷರ ಕನ್ನಡ ಬಾರದವನು, ಅವನೂ ನಕ್ಕ. ಮಾವ ಏನೂ ಆಗದವರಂತೆ ಒಳಗೆ ನಡೆದರು. ಇಂಜಿನ್ನು ಅಷ್ಟಕ್ಕಷ್ಟೆ. ಆದರೆ ನಡುವೆ ಬಂದ ಆ ಹೆದರಿದ, ಗೋಗರೆಯುವ, ಕಳ್ಳ ದನಿ ಇತ್ತಲ್ಲ, ಅದು ಅಚ್ಚುಕಟ್ಟಾಗಿ ನನ್ನದೇ! ಅಂಬಿಕಾ ಇಷ್ಟು ದಿನ ಕೇಳುತ್ತಿದ್ದ ದನಿ ಕೊನೆಗೂ ಬಂತು. ಮಾವನ ಬಾಯಿಂದ.

ವಾಪಸ್ ಬರುವಾಗ ಅಂಬಿಕಾ ಓಡಿಸಿದಳು. ನಾನು ಪಕ್ಕದಲ್ಲಿ, ಕೈ ಕಟ್ಟಿಕೊಂಡು. ಮಣಿಕೊಂಡದ ಹತ್ತಿರ ಒಂದು ಫ್ಲೈಓವರ್ ಬಂತು. ಕಾರು ಗಾಳಿಯಂತೆ ಏರುತ್ತಿತ್ತು. ಆದರೂ ಅವಳು ನನ್ನ ಕಡೆ ತಿರುಗಿ, ಬಹಳ ಗಂಭೀರವಾಗಿ ಹೇಳಿದಳು.

"ರೀ, ಏರು ಬಂತು. ಒಂದೀಟು ದನಿ ಮಾಡ್ರಿ."

ಮಾಡಿದೆ.